ಗುಳ್ಳೆ ನಿಲ್ಲುವವರೆಗೆ

ಬಕೆಟ್ಟಿನ ನೀರಿನಲ್ಲಿ ಚಿಂದಿ ಅದ್ದಿ ವೈಬ್ರೇಟರಿನ ನೀಡಲ್ ಒರೆಸುತ್ತಿದ್ದೆ. ಕಾಂಕ್ರೀಟನ್ನು ನಡುಗಿಸಿ ಕೂರಿಸುವ ಯಂತ್ರದ ಉದ್ದ ಪೈಪಿನ ತುದಿಗಿರುವ, ಮೊಳದುದ್ದದ ಕಬ್ಬಿಣದ ಕೋಲು ಅದು. ಸಿಮೆಂಟು ಒಣಗಿ ಹಿಡಿದರೆ ಉಗುರಿನಲ್ಲಿ ಕೆರೆಯಬೇಕು. ಎರಡು ವರ್ಷದಿಂದ ತೊಳೆಯುವುದು ನಾನು, ಹಿಡಿದು ಕೆಲಸ ಮಾಡುವುದು ಭಾವ. ಅವನಪ್ಪನೇ ಇಲ್ಲಿ ಮೇಸ್ತ್ರಿ, ನನ್ನ ಸೋದರಮಾವ.

ಆ ಹೊತ್ತಿಗೆ ಕಾಂಕ್ರೀಟ್ ಕಂಬದ ಸುತ್ತ ಅಚ್ಚಿಗೆಂದು ಕಟ್ಟಿದ್ದ ಹಲಗೆ ಬಿಚ್ಚಿದರು. ಬುಡದಲ್ಲಿ ಜೇನುಗೂಡಿನಂತೆ ತೂತು. ಜಲ್ಲಿಗಳ ನಡುವೆ ಸರಳು ಕಾಣುತ್ತಿತ್ತು. ಬೆರಳು ತೂರಿಸಿದೆ, ಪೂರ್ತಿ ಒಳಗೆ ಹೋಯಿತು.

ನನಗೆ ಆಶ್ಚರ್ಯವಾಗಲಿಲ್ಲ. ಮೊನ್ನೆ ಊಟದ ಹೊತ್ತಾಯಿತೆಂದು ಅರ್ಧ ಕಂಬದಷ್ಟು ಕಾಂಕ್ರೀಟನ್ನು ಒಮ್ಮೆಗೇ ಸುರಿಸಿ, ಭಾವ ನೀಡಲನ್ನು ಮೇಲೆಮೇಲೆ ಆಡಿಸಿ ಎಳೆದುಬಿಟ್ಟಿದ್ದ. ಸ್ವಲ್ಪಸ್ವಲ್ಪವೇ ಸುರಿದು ನೀಡಲನ್ನು ನೆಟ್ಟಗೆ ಇಳಿಸಿದರೆ, ಮುದ್ದೆಯಾಗಿ ಕೂತ ಕಾಂಕ್ರೀಟ್ ನಡುಗಿ, ಸಡಿಲಾಗಿ, ಮೂಲೆಮೂಲೆಗೂ ಹರಿಯುತ್ತದೆ. ಒಳಗಿನ ಗಾಳಿ ಗುಳ್ಳೆಯಾಗಿ ಏಳುತ್ತದೆ. ಗುಳ್ಳೆ ನಿಂತಾಗ ಮೆಲ್ಲಗೆ ಎತ್ತಬೇಕು. ಬೇಗ ಎತ್ತಿದರೆ ಪೊಳ್ಳು ಉಳಿಯುತ್ತದೆ. ತೀರಾ ತಡವಾದರೆ ಜಲ್ಲಿ ತಳಕ್ಕಿಳಿದು ನೀರು ಮೇಲೆ ಬರುತ್ತದೆ. ಇದನ್ನು ಯಾರೂ ನನಗೆ ಕಲಿಸಲಿಲ್ಲ. ನೋಡಿದೆ, ಅಷ್ಟೆ.

"ಏನೇ, ಬಾಯಿ ಬಿಟ್ಕೊಂಡು ನಿಂತೆ? ಗಾರೆ ಕಲಸ್ಕೊಂಡು ಬಾ. ಇಂಜಿನಿಯರ್ ಬರೋದ್ರೊಳಗೆ ಮೆತ್ತಿಬಿಡೋಣ," ಎಂದ ಮಾವ.

"ಬೇಡ ಮಾವ. ಇದರ ಮೇಲೆ ಮೂರು ಅಂತಸ್ತು ಬರುತ್ತೆ."

ಭಾವ ನಕ್ಕ. "ಅಬ್ಬಬ್ಬಾ, ಮೂಗಿ ಬಾಯಿಗೂ ಮಾತು ಬಂತು! ಆರನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋಳು ಈಗ ಕಂಬ ಓದ್ತಾಳಂತೆ."

"ನೀನು ಹತ್ತರವರೆಗೂ ಓದಿದ್ದೀಯಲ್ಲ ಭಾವ, ನೀಡಲ್ ಯಾಕೆ ಬುಡ ಮುಟ್ಟಲಿಲ್ಲ?"

ಧ್ವನಿ ನಡುಗಿತು. ನಡುಗಿದರೂ ಹೊರಗೆ ಬಂತು.

ಮಾವ ತಾನೇ ಗಾರೆ ಕಲಸಿ ತಂದ. ನಾನು ಆ ತೂತುಗಳಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟೆ.

"ಏಳ್ತೀಯೋ ಇಲ್ವೋ? ನಾಳೆಯಿಂದ ಕೆಲಸಕ್ಕೆ ಬರಬೇಡ," ಎಂದ ಮಾವ.

"ನಾಳೆದು ನಾಳೆಗೆ. ಇವತ್ತು ಏಳಲ್ಲ."

ತನ್ನಕ್ಕನ ಮಗಳನ್ನು ಎಳೆದು ಹಾಕಲು ಮಾವನಿಗೂ ಕೈ ಬರಲಿಲ್ಲ. ಬಾಂಡ್ಲಿಯಲ್ಲೇ ಗಾರೆ ಬಿಗಿಯತೊಡಗಿತು. ಇಂಜಿನಿಯರ್ ಬಂದಾಗ ನಾನು ಪಕ್ಕಕ್ಕೆ ಸರಿದೆ. ಅವರು ಬಗ್ಗಿ ನೋಡಿ, "ಒಡೆದು ಹೊಸದಾಗಿ ಹಾಕಿ," ಎಂದಷ್ಟೇ ಹೇಳಿ ಹೋದರು.

ಹೊಸ ಹಲಗೆ ಕಟ್ಟಿದ ದಿನ, ಬರಬೇಡವೆಂದಿದ್ದರೂ ಹೋದೆ. ತಳಕ್ಕೆ ಮೊದಲ ಕಾಂಕ್ರೀಟ್ ಬಿದ್ದಿತ್ತು. ಭಾವ ನೀಡಲ್ ಹಿಡಿದು ಅಟ್ಟಣಿಗೆಯ ಮೇಲಿದ್ದ. ಕೆಳಗೆ ಮಾವ ನನ್ನನ್ನು ನೋಡಿಯೂ ನೋಡದಂತೆ ನಿಂತಿದ್ದ. ನಾನು ಸೆರಗು ಸಿಕ್ಕಿಸಿ ಏಣಿ ಹತ್ತಿದೆ. ಭಾವನ ಮುಂದೆ ಕೈ ಚಾಚಿದೆ.

"ನೀಡಲ್ ಇಲ್ಲಿ ಕೊಡು, ಭಾವ."