ಪೇಪರಮ್ಮನ ಮೀನು

ಕಾಗದಕ್ಕೆ ಕಾಸು ಬಿದ್ದಿರಲಿಲ್ಲ. ಅದೆಲ್ಲ ಪ್ರೆಸ್ಸಿನವರು ಕತ್ತರಿಸಿ ಎಸೆದದ್ದು. ಅಂಟಿಗೆ ಅಡುಗೆಮನೆಯ ಮೈದಾಹಿಟ್ಟು. ಒಳಗಿನ ಹಂದರಕ್ಕೆ ಮುರಿದ ಬೆತ್ತದ ಕುರ್ಚಿ, ಹಳೇ ಕೊಡೆಗಳ ಕಡ್ಡಿ. ಎರಡು ತಿಂಗಳ ಬೆನ್ನುನೋವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಕಾಗದದ ಮೀನು ಪುಕ್ಕಟೆಯಾಗಿಯೇ ಸಿದ್ಧವಾಗಿತ್ತು. ಖರ್ಚಿನ ಮಾತು ಬಂದದ್ದು ಅದನ್ನು ಹೊರಗೆ ತೆಗೆಯುವಾಗ.

"ಕತ್ತರಿಸಿದ್ರೆ ಏನೂ ಖರ್ಚಿಲ್ಲ," ಎಂದ ಬಡಗಿ, ಬಾಗಿಲ ಚೌಕಟ್ಟಿಗೆ ಟೇಪು ಹಿಡಿದುಕೊಂಡು. "ನಟ್ಟನಡುವೆ ಗರಗಸ ಆಡಿಸಿ ಎರಡು ತುಂಡು ಮಾಡ್ತೀನಿ. ಆ ಕಡೆ ಹೋದಮೇಲೆ ಮತ್ತೆ ಅಂಟಿಸ್ಕೊಳ್ಳಿ. ಗೋಡೆ ಒಡೆದ್ರೆ ಗೋಡೆ ಖರ್ಚು. ಮೇಲಿನ ತೊಲೆ ಕೂತ್ರೆ ಮನೇನೇ ಖರ್ಚು. ಇನ್ನು ಈ ಕಪಾಟು ಬಿಚ್ಚೋದಾದ್ರೆ..."

"ಕಪಾಟು ಮುಟ್ಟಬೇಡ," ಎಂದರು ಮನೆಯ ಯಜಮಾನ, ನಿವೃತ್ತ ಬಸ್ ಡ್ರೈವರು.

ಬಡಗಿ ಟೇಪು ಸುತ್ತಿಕೊಂಡ. ಹೆಂಡತಿ ಸತ್ತ ಮನೆಯಲ್ಲಿ ಗಂಡನ ಎದುರು ಯಾರು ತಾನೇ ವಾದಿಸುತ್ತಾರೆ? ಆಕೆಯನ್ನು ಮಲಗಿಸಿದ್ದ ಮಂಚ ಆಚೆ ಹಾಲಿನಲ್ಲಿತ್ತು. ಬಿಳಿ ಹೊದಿಕೆ, ತಲೆಯ ಹತ್ತಿರ ಹೂವು. ಹಿಂದಿನ ಸಂಜೆ ಇದೇ ಕೋಣೆಯ ಸ್ಟೂಲಿನ ಮೇಲೆ ಕೂತು ಮೀನಿನ ಎರಡನೇ ಕಣ್ಣು ಅಂಟಿಸಿ, "ರೀ, ಮುಗೀತು" ಎಂದು ಕೂಗಿದ್ದಳು. ಡ್ರೈವರು ಚಹಾ ಲೋಟ ಹಿಡಿದು ಬರುವ ಹೊತ್ತಿಗೆ ಅವಳೂ ಮುಗಿದಿದ್ದಳು. ನಾಲ್ಕು ಗಂಟೆಗೆ ಸ್ಮಶಾನಕ್ಕೆ ಒಯ್ಯುವ ಗಾಡಿ ಬರುವುದಿತ್ತು.

"ಲೋ," ಎಂದು ಡ್ರೈವರ ಅಕ್ಕ ಬಾಗಿಲಲ್ಲಿ ಅಡ್ಡಡ್ಡ ತೂರಿ ಒಳಬಂದರು. "ಹೆಂಡ್ತಿ ಅಲ್ಲಿ ಮಲಗಿದ್ದಾಳೆ, ನೀನಿಲ್ಲಿ ಮೀನಿನ ಹಿಂದೆ ಬಿದ್ದಿದ್ದೀಯಲ್ಲೋ! ಜನ ಏನಂದಾರು?"

"ಜನ ಆಗಲೇ ಅಂತಿದ್ದಾರಲ್ಲ ಅಕ್ಕಾ."

ಅನ್ನುತ್ತಲೇ ಇದ್ದರು. ಹಾಲಿನ ಮೂಲೆಯಲ್ಲಿ ಯಾರೋ, "ಅಂಗುಲ ಅಂಗುಲ ಅಳೆದು ಮಾಡೋಳು, ಬಾಗಿಲೊಂದನ್ನ ಅಳೆಯೋದು ಮರೆತಳು ನೋಡಿ" ಎಂದದ್ದು, ಪಕ್ಕದವರು ಕೆಮ್ಮಿನಲ್ಲಿ ನಗು ಮುಚ್ಚಿಕೊಂಡದ್ದು, ಎರಡೂ ಕೇಳಿಸಿತ್ತು. ಡ್ರೈವರಿಗೆ ಕಿವಿಯೊಳಗೆ ಇರುವೆ ಹೊಕ್ಕಂತಾಗಿತ್ತು. ಬೀದಿಗೆಲ್ಲ ಪೇಪರಮ್ಮನಾಗಿದ್ದವಳು ಇನ್ನು ಮುಂದೆ ಕೋಣೆಯಲ್ಲಿ ಮೀನು ಸಿಕ್ಕಿಸಿ ಸತ್ತ ಹೆಂಗಸಾಗುತ್ತಾಳೆ. ನಕ್ಕು ನಕ್ಕು ಹೇಳುತ್ತಾರೆ, ಮೊಮ್ಮಕ್ಕಳ ಕಾಲದವರೆಗೂ.

ಶಾಲೆಯ ಹೆಡ್‌ಮೇಡಂ ಮೆಲ್ಲಗೆ ಹತ್ತಿರ ಬಂದರು. "ಸಾರ್, ನಾಳೆ ನಾಟಕ ಹೇಗೋ ಮಾಡ್ಕೋತೀವಿ. ಮೀನಿಲ್ಲದಿದ್ರೂ ನಡೆಯುತ್ತೆ. ನೀವು ತಲೆ ಕೆಡಿಸ್ಕೋಬೇಡಿ."

ಕಿಟಕಿಯ ಸರಳಿಗೆ ಮೂಗು ಒತ್ತಿ ನಿಂತಿದ್ದ ಮಕ್ಕಳಲ್ಲಿ ಒಬ್ಬಳಿಗೆ ಇದು ಸರಿಬರಲಿಲ್ಲ. "ಮೇಡಂ, ಮೀನಿಲ್ಲದಿದ್ರೆ ನಾವು ಯಾರ ಹೊಟ್ಟೆಯಿಂದ ಬರೋದು?"

*

ಮದುವೆಗೆ ಮುಂಚೆ ನೋಡಲು ಹೋದಾಗ ಡ್ರೈವರ ಕಣ್ಣಿಗೆ ಮೊದಲು ಬಿದ್ದದ್ದು ಹುಡುಗಿಯ ಹೆಬ್ಬೆರಳು. ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿ ಅಚ್ಚಾದ ಹಾಳೆ ಮಡಚುವ ಕೆಲಸ ಅವಳದು. ಮಡಿಕೆ ತೀಡಿ ತೀಡಿ ಉಗುರು ಚಪ್ಪಟೆಯಾಗಿತ್ತು. "ಇದು ಹೀಗೇ ಇರುತ್ತೆ. ಬೇಡ ಅನ್ನೋದಾದ್ರೆ ಈಗಲೇ ಹೇಳಿ," ಎಂದಿದ್ದಳು.

ಪ್ರೆಸ್ಸಿನಲ್ಲಿ ಅಂಚು ಕತ್ತರಿಸಿ ಬಿಸಾಡಿದ ಪಟ್ಟಿಗಳೆಲ್ಲ ಊಟದ ಚೀಲದಲ್ಲಿ ಮನೆಗೆ ಬರುತ್ತಿದ್ದವು. ಬೀದಿಯಲ್ಲಿ ಯಾವ ಮಗುವಿಗೆ ಜ್ವರ ಬಂದರೂ ಮಾತ್ರೆಗಿಂತ ಮೊದಲು ಪೇಪರಮ್ಮನ ಹಕ್ಕಿಯೋ ಕಪ್ಪೆಯೋ ದಿಂಬಿನ ಪಕ್ಕ ಬಂದು ಕೂರುತ್ತಿತ್ತು. ಹಾಸಿಗೆ ಕೊಡವಿದರೆ ಕಾಗದ, ಚಪ್ಪಲಿ ಒದರಿದರೆ ಕಾಗದ. "ಒಂದು ದಿನ ಸಾರಲ್ಲೂ ಸಿಗುತ್ತೆ ಬಿಡು," ಎಂದು ಡ್ರೈವರು ಗೊಣಗುತ್ತಿದ್ದರು. ಸಿಕ್ಕಿದ್ದೂ ಉಂಟು.

ಮಗಳ ಮದುವೆಯಾದ ಮೇಲೆ ಹಾಲಿಗೆ ಹೊಂದಿಕೊಂಡಿದ್ದ ಕೋಣೆ ಖಾಲಿಯಾಯಿತು. ಹಿಂದಿನ ಮಾಲೀಕ ಮೂಟೆ ಪೇರಿಸುತ್ತಿದ್ದ ಕೋಣೆ ಅದು. ಹಾಗಾಗಿ ಹೊರಬಾಗಿಲಿನಂತೆ ಅದಕ್ಕೂ ಎರಡು ಕದದ ಅಗಲ ಬಾಗಿಲು. "ಇದು ನನಗೆ," ಎಂದಳು. ಗಂಡ ಹೆಂಡತಿ ಸೇರಿ ಅದನ್ನು ಜೋಡಿಸಿದ ಆ ದಿನಗಳಲ್ಲಿ ಅವಳು ಕುಣಿದಾಡುವುದೊಂದು ಬಾಕಿ. ಬಿಸ್ಕತ್ತಿನ ಡಬ್ಬ, ಔಷಧಿ ಅಂಗಡಿಯ ಖಾಲಿ ರಟ್ಟಿನ ಪೆಟ್ಟಿಗೆ, ಏನು ಸಿಕ್ಕರೂ ಒಳಗೆ. ಡ್ರೈವರು ಕೆಂಪು ಒಂದು ಕಡೆ, ಹಸಿರು ಒಂದು ಕಡೆ ಇಡತೊಡಗಿದಾಗ ಕೈಗೆ ಒಂದೇಟು ಕೊಟ್ಟಳು.

"ಬಣ್ಣ ನೋಡಿ ಜೋಡಿಸೋದು ಬಟ್ಟೆ ಅಂಗಡಿಯವರು. ಕಾಗದಕ್ಕೆ ಗುಣ ನೋಡಬೇಕು ಕಣ್ರೀ."

ಕಿವಿಯ ಹತ್ತಿರ ಹಿಡಿದು ಟಪ್ ಎಂದು ಬಡಿದು, ಒಂದು ಮಡಿಕೆ ಹಾಕಿ, ಬಿಡಿಸಿ, ಅದರ ಜಾತಕ ಹೇಳುತ್ತಿದ್ದಳು. ಡಬ್ಬಗಳ ಮೇಲೆ ಹೆಸರು ಬರೆಯುವಾಗಲೂ ಅದೇ ವಿದ್ಯೆ. ಒಂದು ಸಲ ಮಡಚಿದರೆ ಗೆರೆ ಜನ್ಮದಲ್ಲಿ ಹೋಗದ ದಪ್ಪ ರಟ್ಟಿಗೆ 'ಅತ್ತೆ'. ಹನಿ ನೀರು ಬಿದ್ದರೆ ಕರಗಿಹೋಗುವ ತೆಳು ಕಾಗದಕ್ಕೆ 'ಮಗಳು'. ಒಂದೇ ಮಗ್ಗುಲಿಗೆ ಚಿತ್ತಾರವಿರುವ ಉಡುಗೊರೆ ಕಾಗದಕ್ಕೆ 'ಬೀಗರು'. ಒರಟಾದರೂ ಎಷ್ಟು ಎಳೆದರೂ ಹರಿಯದ ಕಂದು ಕಾಗದಕ್ಕೆ 'ಗಂಡ'. ಅದನ್ನು ಓದಿ ಡ್ರೈವರು ಎರಡು ದಿನ ಎದೆಯುಬ್ಬಿಸಿ ತಿರುಗಿದ್ದರು.

ಡಬ್ಬಗಳು ಹೆಚ್ಚುತ್ತ ಹೋದಂತೆ ಕಪಾಟೂ ಬೆಳೆಯಿತು. ಕೊನೆಗೆ ಎಡಗಡೆಯ ಕದಕ್ಕೆ ಅಡ್ಡಲಾಗಿ ಒಂದು ದೊಡ್ಡ ಕಪಾಟನ್ನು ಗೋಡೆಗೇ ಬಿಗಿಸಿದರು. "ಹೇಗಿದ್ರೂ ಒಂದೇ ಕದ ತಾನೆ ತೆಗೆಯೋದು," ಎಂದವಳು ಅವಳು. "ಹೂಂ ಮತ್ತೆ," ಎಂದವರು ಇವರು. ಬಾಗಿಲ ಅಗಲ ಮಾತ್ರ ಅವಳ ತಲೆಯಲ್ಲಿ ಹಳೆಯದೇ ಉಳಿಯಿತು.

*

ಶಾಲೆಯ ನಾಟಕಕ್ಕೆ, ಹತ್ತು ಮಕ್ಕಳು ಹೊಟ್ಟೆಯೊಳಗೆ ನಿಂತು ನಡೆಸಿಕೊಂಡು ಹೋಗುವಂಥ ಮೀನು ಬೇಕು ಎಂದಾಗ ಆ ಹಳೇ ಅಳತೆಯಲ್ಲೇ ಹಂದರ ಕಟ್ಟಿದಳು. ಒಂದು ಮಧ್ಯಾಹ್ನ ಡ್ರೈವರು ಚಹಾ ತಂದವರು ಮೀನನ್ನು ನೋಡಿದರು, ಬಾಗಿಲನ್ನು ನೋಡಿದರು.

"ಇದು ಹೊರಗೆ ಹೋಗಲ್ಲ ಕಣೇ."

"ಯಾಕೆ ಹೋಗಲ್ಲ?"

"ನೋಡು ನೀನೇ."

ಅವಳು ಬಹಳ ಹೊತ್ತು ಬಾಗಿಲನ್ನು ನೋಡಿದಳು. ಆಮೇಲೆ ನಗತೊಡಗಿದಳು. ನಕ್ಕು ನಕ್ಕು ಅಂಟಿನ ಕೈಯಲ್ಲೇ ಕಣ್ಣೊರೆಸಿಕೊಂಡು, ರೆಪ್ಪೆಗೆಲ್ಲ ಮೈದಾ ಮೆತ್ತಿಕೊಂಡು, ಇನ್ನೂ ನಕ್ಕಳು.

"ಜೀವಮಾನ ಬಸ್ಸು ಓಡಿಸಿದೋರು ನೀವು. ಎಂತೆಂಥ ಸಂದಿಯಲ್ಲಿ ತೂರಿಸಿದ್ದೀರಿ. ಮೀನು ಮಾಡೋದು ನನ್ನ ಕೆಲಸ. ಹೊರಗೆ ತೆಗೆಯೋದು ನಿಮ್ಮದು."

"ಆಗಲ್ಲ ಅಂದ್ರೆ ಆಗಲ್ಲ."

"ಆಗುತ್ತೆ ಅಂದ್ರೆ ಆಗುತ್ತೆ."

ಅಂದಿನಿಂದ ದಿನವೂ ಚಹಾದ ಜೊತೆ ಇದೊಂದು ಜಗಳ. ಅದು ತೀರ್ಮಾನವಾಗದೆ ಉಳಿದಿತ್ತು.

*

"ಕಪಾಟು ಬಿಚ್ಚಿದ್ರೆ ಎರಡೂ ಕದ ತೆಗೆಯುತ್ತೆ. ಮೀನು ಇಡಿಯಾಗಿ ಹೋಗುತ್ತೆ," ಎಂದ ಬಡಗಿ, ಅಕ್ಕನವರಿಗೆ ಹೇಳುವವನಂತೆ. "ಆದ್ರೆ ಕಪಾಟು ಉಳಿಯಲ್ಲ. ಗೆದ್ದಲು ತಿಂದಿದೆ. ಗೋಡೆಗೆ ಒರಗಿದೆ ಅಂತ ನಿಂತಿದೆ ಅಷ್ಟೆ."

"ಬೇಡ ಅಪ್ಪ," ಎಂದಳು ಮಗಳು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು. "ಯಾವುದು ಎಲ್ಲಿತ್ತು ಅಂತ ಅಮ್ಮನಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಒಂದು ಸಲ ಕೆದಕಿದ್ರೆ ಮತ್ತೆ ಜೋಡಿಸೋಕಾಗಲ್ಲ. ಮೀನು ಇಲ್ಲೇ ಇರಲಿ. ಕೋಣೆ ಹೀಗೇ ಇರಲಿ."

ಡ್ರೈವರ ಮನಸ್ಸಿನಲ್ಲಿದ್ದುದೂ ಅದೇ. ರಾತ್ರಿಯಿಡೀ ಒಂದೇ ಯೋಚನೆಗೆ ಜೋತುಬಿದ್ದಿದ್ದರು: ಏನು ಹೋದರೂ ಈ ಕೋಣೆ ಇರುತ್ತದೆ. ಬೆಳಿಗ್ಗೆ ಚಹಾ ತಂದು ಇಲ್ಲೇ ಕೂರಬಹುದು. ಕತ್ತರಿ ಗೋಡೆಯ ಮೊಳೆಯಲ್ಲಿರುತ್ತದೆ, ದಾರದುಂಡೆ ಚಹಾಪುಡಿಯ ಡಬ್ಬದಲ್ಲಿರುತ್ತದೆ. ಅಷ್ಟಿದ್ದರೆ ದಿನ ತಳ್ಳಬಹುದು.

ಕಿಟಕಿಯಲ್ಲಿ ಮಕ್ಕಳು ಮಿಸುಕದೆ ನಿಂತಿದ್ದರು. ಮೀನು ದೊಡ್ಡ ಕಣ್ಣು ಬಿಟ್ಟು ಅವರನ್ನೇ ನೋಡುತ್ತಿತ್ತು. ಮಕ್ಕಳಿಗೆ ಕಾಣಲಿ ಎಂದೇ ಅದರ ಮುಖವನ್ನು ಅವಳು ಆ ಕಡೆಗೆ ಮಾಡಿದ್ದಳು.

"ಗಾಡಿ ಎಷ್ಟು ಹೊತ್ತಿಗೆ ಬರೋದು?"

"ನಾಲ್ಕಕ್ಕೆ ಅಪ್ಪ."

ಡ್ರೈವರು ಅಂಗಿಯ ತೋಳು ಮಡಚಿದರು. "ಬಿಚ್ಚು," ಎಂದರು ಬಡಗಿಗೆ. "ಅವಳು ಹೊರಡೋಕೆ ಮುಂಚೆ ಅದು ಹೊರಡಬೇಕು."

"ಅಪ್ಪಾ!"

"ಕೋಣೆ ನಮಗೆ ಬೇಕು ಮಗಳೇ. ಮೀನು ಅವಳಿಗೆ ಬೇಕಿತ್ತು."

ಆಮೇಲೆ ಆ ಮನೆ ಸಾವಿನ ಮನೆಯಾಗಿ ಉಳಿಯಲಿಲ್ಲ. ಕೋಣೆಯಿಂದ ಹಾಲು ದಾಟಿ ಅಂಗಳದವರೆಗೆ ಜನ ಸಾಲಾಗಿ ನಿಂತರು. ಡಬ್ಬಗಳು ಕೈಯಿಂದ ಕೈಗೆ ಓಡಿದವು. ಕರ್ಚೀಫು ಹಿಡಿದು ಕೂತಿದ್ದವರು ಕರ್ಚೀಫು ಸೊಂಟಕ್ಕೆ ಸಿಕ್ಕಿಸಿ ಎದ್ದರು. ಮೂಲೆಯಲ್ಲಿ ನಕ್ಕಿದ್ದವರೂ ಬಂದು ನಿಂತರು. ಡಬ್ಬ ಬಂದಂತೆ ಹೆಸರು ಓದುವುದು, ಹೋ ಎನ್ನುವುದು.

"ಬೀಗರು ಬಂದ್ರು, ದಾರಿ ಬಿಡಿ!"

"ಅತ್ತೆ ಭಾರ ಇದ್ದಾರೆ, ಇಬ್ಬರು ಹಿಡ್ಕೊಳ್ಳಿ!"

"ಗಂಡನ್ನ ಎಲ್ಲಿಗೆ ಹಾಕ್ಲಿ?"

"ಮೂಲೆಗೆ!"

ಇದ್ದಕ್ಕಿದ್ದಂತೆ ಸಾಲು ನಿಂತಿತು. ಡ್ರೈವರ ಅಕ್ಕ ಕೈಗೆ ಬಂದ ಪೆಟ್ಟಿಗೆಯನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ ಓದುತ್ತಿದ್ದರು. "ನಾದಿನಿ... ಇದೇನೋ ಇದು?"

ಡ್ರೈವರು ತಲೆ ಕೆರೆದುಕೊಂಡರು. "ಅದು... ಹೊಳೆಯೋ ಕಾಗದ ಅಕ್ಕಾ."

"ಹೊಳೆಯುತ್ತೆ ಅಂತಾನೇನೋ ನನ್ನ ಹೆಸರು?"

"ಹೂಂ. ಅದಕ್ಕೇ."

ಅಕ್ಕ ಒಂದು ಹಾಳೆ ಎಳೆದು ಮಡಚಿ ನೋಡಿದರು. ಮಡಿಕೆಯುದ್ದಕ್ಕೂ ಹೊಳಪು ಪಟಪಟ ಸಿಡಿದು ಉದುರಿತು. ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಕ್ಕ ಮಂಚದ ಕಡೆ ತಿರುಗಿ, "ಬಾಯಿ ಬಿಟ್ಟು ಒಂದು ದಿನ ಹೇಳಲಿಲ್ಲವಲ್ಲೇ, ಕಳ್ಳಿ," ಎಂದವರು ಮೊದಲು ನಕ್ಕರು. ಆಮೇಲೆ ಬೆಳಗಿನಿಂದ ಅಳದಿದ್ದವರು ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟರು. ಅದನ್ನು ಮಾತ್ರ ಯಾರ ಕೈಗೂ ದಾಟಿಸಲಿಲ್ಲ.

ಕಪಾಟು ಕಳಚುತ್ತಿದ್ದಂತೆ ಮುರಿದು ಬಿತ್ತು. ಬಡಗಿ ಚಿಲಕಕ್ಕೆ ಎಣ್ಣೆ ಬಿಟ್ಟು ಎಡಗಡೆಯ ಕದವನ್ನು ಭುಜ ಕೊಟ್ಟು ನೂಕಿದ. ವರ್ಷಗಟ್ಟಲೆ ಮುಚ್ಚಿದ್ದ ಬಾಗಿಲು ಕಿರ್ರೆಂದು ಕೂಗಿಕೊಂಡು ತೆರೆಯಿತು.

ಡ್ರೈವರ ಜೊತೆ ಒಂದೇ ಬಸ್ಸಿನಲ್ಲಿ ದುಡಿದ ಕಂಡಕ್ಟರು ನೆಲದ ಮೇಲೆ ಕೂತು ಮೀನಿನ ಹೊಟ್ಟೆಯಡಿ ಇಣುಕಿ ಕೂಗಿದರು. "ಗುರುವೇ! ಇಲ್ಲಿ ನೋಡು, ಹುರುಪೆ ಎಲ್ಲ ನನ್ನ ಟಿಕೆಟ್ಟು! ಟಿಕೆಟ್ ಮಷೀನು ಬಂದಮೇಲೆ ಉಳಿದ ಕಟ್ಟುಗಳನ್ನೆಲ್ಲ ಅತ್ತಿಗೆ ಇಸ್ಕೊಂಡಿದ್ರು. ಟಿಕೆಟ್ ತಗೊಂಡ ಪ್ರಯಾಣಿಕ ಇದು, ಇಳಿಸದೆ ಗತಿಯಿಲ್ಲ!" ಎಂದವರೇ ಜೇಬಿನಿಂದ ಸೀಟಿ ತೆಗೆದರು. ನಿವೃತ್ತಿಯಾದರೂ ಅದು ಜೇಬು ಬಿಟ್ಟಿರಲಿಲ್ಲ.

ಬಾಲ ಬಾಗಿಲ ಕಡೆಗಿತ್ತು, ತಿರುಗಿಸಲು ಜಾಗವಿರಲಿಲ್ಲ. "ರಿವರ್ಸೇ ಗತಿ," ಎಂದರು ಡ್ರೈವರು. ಅವರ ದನಿಗೆ ಹಳೇ ಖದರು ಬಂದಿತ್ತು. ಹೊಟ್ಟೆಯೊಳಗೆ ತಾವೇ ನುಗ್ಗಿ ಹಂದರಕ್ಕೆ ಹೆಗಲು ಕೊಟ್ಟರು. ಬಡಗಿ ಬಾಲಕ್ಕೆ, ಮೇಡಂ ತಲೆಗೆ. ಮಗಳು ಎರಡೂ ಪಕ್ಕದ ಈಜುರೆಕ್ಕೆಗಳನ್ನು ಮೈಗೊತ್ತಿ ಹಿಡಿಯಲು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಓಡಿದಳು.

"ಬರ್ಲಿ, ಬರ್ಲಿ, ಬರ್ಲಿ... ಲೆಫ್ಟ್ ಸ್ವಲ್ಪ... ಸಾಕು! ನೇರ ಬರ್ಲಿ!"

"ಬಲಗಡೆ ಉಜ್ಜುತ್ತಾ?"

"ಬೆರಳು ತೂರುತ್ತೆ ಗುರುವೇ, ಬಾ!"

ಮೀನು ಉಸಿರು ಬಿಗಿಹಿಡಿದಂತೆ ಬಾಗಿಲಲ್ಲಿ ಜಾರಿತು. ಎರಡೂ ಬದಿಗೆ ಬೆರಳಷ್ಟೇ ಜಾಗ. ಬಾಗಿಲನ್ನು ಅವಳು ಅಳೆದಿದ್ದಳು, ಸರಿಯಾಗಿಯೇ ಅಳೆದಿದ್ದಳು.

ಹಾಲಿನ ನಡುವೆ ಮಂಚವಿತ್ತು. "ಪಕ್ಕಕ್ಕೆ ಸರಿಸೋಣವಾ?" ಎಂದು ಯಾರೋ ಕೇಳಿದರು.

"ಬೇಡ," ಎಂದಿತು ಮೀನಿನ ಹೊಟ್ಟೆಯೊಳಗಿನ ದನಿ. "ಮೇಲಿಂದ ಹೋಗುತ್ತೆ. ಎತ್ತಿ."

ಡ್ರೈವರು ಹೊರಗೆ ಬಂದು ಹಂದರದ ಅಂಚು ಹಿಡಿದರು. ಎಲ್ಲರೂ ತೋಳು ಮೇಲೆತ್ತಿದರು. ಹಳೇ ಟಿಕೆಟ್ಟುಗಳ ಹೊಟ್ಟೆ ಅವಳ ಮೇಲೆ ಬಂತು. ಅದರ ನೆರಳು ಪಾದದಿಂದ ಮುಖದವರೆಗೆ ನಿಧಾನವಾಗಿ ಹತ್ತಿತು. ಆಗ ಕಂಡಕ್ಟರು ಒಂದು ಸೀಟಿ ಊದಿದರು. ಒಂದು ಸೀಟಿ ಎಂದರೆ ನಿಲ್ಲು. ಎಲ್ಲರೂ ನಿಂತರು. ಅಡ್ಡವೇನೂ ಇರಲಿಲ್ಲ, ಯಾಕೆ ಎಂದು ಯಾರೂ ಕೇಳಲಿಲ್ಲ. ತೋಳುಗಳು ನಡುಗತೊಡಗುವವರೆಗೆ ನಿಂತರು.

"ಗೆದ್ದೆ ಕಣೇ ನೀನು," ಎಂದರು ಡ್ರೈವರು, ಅವಳಿಗೆ ಮಾತ್ರ ಕೇಳುವಷ್ಟು.

ಎರಡು ಸೀಟಿ. ಮೀನು ಹೊರಟಿತು. ಅಂಗಳಕ್ಕೆ ಬಂದದ್ದೇ ತಡ, ಮಕ್ಕಳು ಕಿರುಚುತ್ತ ಅದರ ಹೊಟ್ಟೆಯೊಳಗೆ ನುಗ್ಗಿದರು. ಸಾವಿನ ಮನೆ ಎಂದು ಗದರಲು ಹೊರಟ ಮೇಡಂ ಬಗ್ಗಿ ಮಕ್ಕಳ ತಲೆ ಎಣಿಸತೊಡಗಿದರು.

ಗಾಡಿ ಹೊರಟಾಗ ಬೀದಿಯಲ್ಲಿ ಮುಂದೆ ಮೀನು ಹೋಗುತ್ತಿತ್ತು. ಅದರ ಕೆಳಗೆ ಚಿಕ್ಕ ಚಿಕ್ಕ ಕಾಲುಗಳು, ಒಂದರ ಹೆಜ್ಜೆ ಇನ್ನೊಂದಕ್ಕೆ ಹೊಂದದೆ, ಮೀನು ಕುಡಿದವರ ಹಾಗೆ ಓಲಾಡುತ್ತಿತ್ತು. ಮನೆಮನೆಯ ಮಹಡಿಯಲ್ಲೂ ಜನ.

"ಹಾರ್ನ್ ಮಾಡಿ ಮುಂದೆ ಹೋಗ್ಲಾ ಸಾರ್?" ಎಂದ ಗಾಡಿಯವನು.

"ಬೇಡಪ್ಪ," ಎಂದರು ಪಕ್ಕದಲ್ಲಿ ಕೂತಿದ್ದ ಡ್ರೈವರು. "ಫಸ್ಟ್ ಗೇರಲ್ಲೇ ಬಾ."

ಬೀದಿಯ ಕೊನೆಯಲ್ಲಿ ಎಡಕ್ಕೆ ಶಾಲೆ, ಬಲಕ್ಕೆ ಸ್ಮಶಾನ. ಗಾಡಿ ಬಲಕ್ಕೆ ಹೊರಳುವಾಗ ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದರು. ಮನೆಯಲ್ಲಿ ಅವಳ ಕೋಣೆ ಇನ್ನಿರಲಿಲ್ಲ. ನಾಲ್ಕು ಬರಿಗೋಡೆ ಅಷ್ಟೆ. ಅಂಗಳದಲ್ಲಿ ಕಲೆಸಿಹೋದ ಡಬ್ಬಗಳನ್ನು ಮೊದಲಿನಂತೆ ಯಾರಿಂದಲೂ ಜೋಡಿಸಲಾಗದು. ಆದರೆ ಮೀನು ಒಂದೇ ಒಂದು ಹುರುಪೆ ಉದುರದೆ, ಇಡಿಯಾಗಿ, ತಿರುವಿನಲ್ಲಿ ಬಾಲ ಬೀಸಿ ಇಪ್ಪತ್ತು ಕಾಲಿನಲ್ಲಿ ಓಡತೊಡಗಿತ್ತು.