ಗುರುತಿಲ್ಲದ ಕೀಗೊಂಚಲು

ಯಾರಿಗೂ ಹೇಳಿಕೊಳ್ಳಲಾಗದ ಒಂದು ಸಣ್ಣ ಚಿಂತೆ ನನ್ನದು. ಅಪ್ಪನ ಬಗ್ಗೆ ಯಾರಾದರೂ ಥಟ್ಟನೆ ಏನಾದರೂ ಕೇಳಿಬಿಟ್ಟರೆ ಏನು ಹೇಳಲಿ? ಅವರ ರಕ್ತದ ಗುಂಪು ಯಾವುದು, ಯಾವ ಔಷಧಿ ಒಗ್ಗುವುದಿಲ್ಲ, ಒಂದೂ ಗೊತ್ತಿಲ್ಲ. ಪದವಿ ಪರೀಕ್ಷೆಗೆ ಯಾವ್ಯಾವುದೋ ರಾಜರ ವಂಶಾವಳಿಯನ್ನು ಬಾಯಿಪಾಠ ಮಾಡಿದವಳಿಗೆ, ಒಂದೇ ಸೂರಿನಡಿ ಇರುವ ಅಪ್ಪ ಬೆಳಿಗ್ಗೆ ನುಂಗುವ ಬಿಳಿ ಮಾತ್ರೆಯ ಹೆಸರು ಗೊತ್ತಿಲ್ಲ.

ಇದು ಬರೀ ಊಹೆಯ ಚಿಂತೆಯಲ್ಲ. ಕಳೆದ ತಿಂಗಳು ಅಪ್ಪ ಅಂಗಡಿಯಲ್ಲಿ ತಲೆ ಸುತ್ತಿ ಕುಸಿದಿದ್ದರು. ಅವರದು ಬೀಗ ರಿಪೇರಿ ಅಂಗಡಿ; ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕು, ಅಷ್ಟೇ ಜಾಗ. ಪಕ್ಕದಂಗಡಿಯ ದರ್ಜಿ ಓಡಿಬಂದು ನನ್ನನ್ನು ಕರೆದೊಯ್ದ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ, “ಏನೇನು ಮಾತ್ರೆ ತಗೋತಾರೆ?” ಎಂದರು.

“ಒಂದು ಬಿಳೀದು. ಒಂದು ಗುಲಾಬಿ.”

ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. “ಮಾತ್ರೆ ಸ್ಟ್ರಿಪ್ ಮೇಲೆ ಹೆಸರಿರುತ್ತಲ್ಲಮ್ಮ?”

ಇರುತ್ತದೆ. ಆದರೆ ಅಪ್ಪ ಮಾತ್ರೆ ತಂದ ದಿನವೇ ಸ್ಟ್ರಿಪ್ಪಿನಿಂದ ಅಷ್ಟನ್ನೂ ಬಿಡಿಸಿ, ಬೀಗದ ಸ್ಪ್ರಿಂಗು ಹಾಕಿಡುವಂಥ ಪುಟ್ಟ ಡಬ್ಬಿಗಳಿಗೆ ಸುರಿದು, ಖಾಲಿ ಸ್ಟ್ರಿಪ್ಪನ್ನು ಕಸಕ್ಕೆ ಎಸೆಯುತ್ತಾರೆ. ಯಾವ ಡಬ್ಬಿಯಲ್ಲಿ ಏನಿದೆಯೆಂದು ಅವರ ಕೈಗೆ ಗೊತ್ತು. ಅವರ ಕೈಗೆ ಮಾತ್ರ ಗೊತ್ತು.

ಆ ಸಲ ಹೇಗೋ ಪಾರಾಯಿತು. ಮನೆಗೆ ಬಂದ ಮೇಲೆ ನೀಲಿ ಫೈಲೊಂದನ್ನು ಕೊಂಡು ತಂದೆ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಚೆನ್ನಾಗಿ ಜೋಡಿಸಿಕೊಂಡಿದ್ದೆ. ಬಾಯಿ ತೆರೆದಾಗ ಬಂದದ್ದು, “ಅಪ್ಪಾ, ಇದು... ಕಾಗದಗಳಿಗೆ,” ಅಷ್ಟೇ.

“ಯಾವ ಕಾಗದ?”

“ಆಸ್ಪತ್ರೇದು. ಇನ್ಶೂರೆನ್ಸು. ಮನೆ ಪತ್ರ.”

“ಓಹೋ! ನನ್ನ ಕಳಿಸೋ ಏರ್ಪಾಡು ಶುರುವಾಯ್ತಾ? ತಾಳಮ್ಮಾ, ನಾನಿನ್ನೂ ಗಂಟುಮೂಟೆ ಕಟ್ಟಿಲ್ಲ.”

“ಹಾಗಲ್ಲ ಅಪ್ಪಾ...”

“ಎಲ್ಲಾ ಬೀರುವಲ್ಲಿದೆ. ಭದ್ರವಾಗಿದೆ.”

ಭದ್ರವಾಗಿಯೇ ಇದೆ, ಕಷ್ಟ ಇರುವುದೇ ಅಲ್ಲಿ. ಬೀರುವಿನ ಕೀ ಅಡುಗೆಮನೆ ಬಾಗಿಲ ಹಿಂದೆ ನೇತಾಡುವ ಗೊಂಚಲಿನಲ್ಲಿದೆ. ಆ ಗೊಂಚಲಿನ ಅರ್ಧಕ್ಕರ್ಧ ಯಾವ ಬೀಗಕ್ಕೂ ಆಗದ ಸುಳ್ಳು ಕೀಗಳು. ಕಳ್ಳನ ತಲೆ ಕೆಡಲಿ ಎಂದು ಅಪ್ಪನೇ ಅರದಿಂದ ಉಜ್ಜಿ ಮಾಡಿ ಸೇರಿಸಿದವು. ಕೀ ಮೇಲೆ ಅದು ಯಾವ ಬೀಗದ್ದೆಂದು ಗುರುತು ಹಾಕಬಾರದು ಎಂಬುದು ಅವರ ಕಸುಬಿನ ಮೊದಲ ಪಾಠವಂತೆ. ಗಿರಾಕಿ ಅಂಗಲಾಚಿದರೂ ಹಾಕಿಕೊಡುವುದಿಲ್ಲ. ಅಂಗಡಿಯ ನಿಯಮ ಅಂಗಡಿಯಲ್ಲಿರಬೇಡವೇ? ನಮ್ಮಲ್ಲಿ ಅದು ಅಪ್ಪನ ಜೊತೆಗೇ ಮನೆಗೆ ಬಂದು ಊಟಕ್ಕೆ ಕೂರುತ್ತದೆ. ಅಮ್ಮನಿಗೆ ಆ ಕೀ ಗೊತ್ತಿತ್ತು. ಅವಳು ಹೋದ ಮೇಲೆ ಅಪ್ಪ ಅದನ್ನು ಇನ್ಯಾರಿಗೂ ತೋರಿಸಲಿಲ್ಲ.

ಮದುವೆಯಾಗಿ ದೂರದಲ್ಲಿರುವ ಅಕ್ಕನಿಗೆ ಫೋನು ಮಾಡಿದೆ.

“ಗಟ್ಟಿಯಾಗಿ ಕೇಳೇ. ನೀನು ಪಿಸುಗುಟ್ಟಿದ್ರೆ ಮಡಿಲಲ್ಲಿರೋ ಬೆಕ್ಕಿಗೂ ಕೇಳಿಸಲ್ಲ.”

“ನೀನೇ ಹೇಳಕ್ಕಾ.”

“ನಾನು ಬಾಯಿ ತೆಗೆದ್ರೆ ಜಗಳ ಆಗುತ್ತೆ. ನೀನು ಹತ್ತಿರ ಇದ್ದೀಯಲ್ಲ, ನಿಂಗೆ ಎಲ್ಲಾ ಗೊತ್ತಿರುತ್ತೆ.”

ಫೋನಿಟ್ಟ ಮೇಲೆ ಕೊಡಬೇಕಿದ್ದ ಉತ್ತರಗಳೆಲ್ಲ ಸಾಲಾಗಿ ಹೊಳೆದವು. ಡೈರಿಯಲ್ಲಿ ಬರೆದೆ. ಡೈರಿಯಲ್ಲಿ ಬೈದು ಏನು ಬಂತು?

ಅಪ್ಪ ಕ್ಷೌರಕ್ಕೆ ಹೋಗಿದ್ದ ಒಂದು ಬೆಳಿಗ್ಗೆ, ಗೊಂಚಲು ಹಿಡಿದು ಒಂದೊಂದೇ ಕೀಯನ್ನು ಬೀರುವಿಗೆ ಹಾಕಿ ನೋಡಿದೆ. ಬೆರಳಿಗೆಲ್ಲ ಹಿತ್ತಾಳೆಯ ವಾಸನೆ ಅಂಟಿತು. ಕೆಲವು ಒಳಗೇ ಹೋಗಲಿಲ್ಲ. ಕೆಲವು ಹೋಗಿ ಸಿಕ್ಕಿಕೊಂಡು ನನ್ನನ್ನು ಅಣಕಿಸಿದವು. ಅಳು ಬರುವ ಹೊತ್ತಿಗೆ ಒಂದು ತಿರುಗಿತು. ಆದರೆ ನಾನು ಬೀರುವಿನ ಬಾಗಿಲು ತೆರೆಯಲಿಲ್ಲ. ಕದ್ದು ನೋಡುವುದು ಬೇಡ, ಆಪತ್ತಿಗೆ ಕೀ ಗೊತ್ತಿದ್ದರೆ ಸಾಕು ಎನಿಸಿತು. ಮತ್ತೆ ಬೀಗ ಹಾಕಿ, ಆ ಕೀಗೊಂದು ಕೆಂಪು ದಾರ ಕಟ್ಟಿ ಗೊಂಚಲನ್ನು ನೇತುಹಾಕಿದೆ.

ಮರುದಿನವೂ ದಾರ ಅಲ್ಲೇ ಇತ್ತು. ಅಪ್ಪ ನೋಡಿಯೂ ಏನೂ ಅನ್ನಲಿಲ್ಲ. ಒಪ್ಪಿಕೊಂಡರು ಅಂದುಕೊಂಡು ಒಳಗೊಳಗೇ ಹಿಗ್ಗಿದೆ.

ಇವತ್ತು ಮಧ್ಯಾಹ್ನ ಊಟ ಮುಗಿಸಿ ಏಳುವಾಗ ಅಪ್ಪ ಗೋಡೆ ಹಿಡಿದುಕೊಂಡರು. ಕುರ್ಚಿಯಲ್ಲಿ ಕೂರಿಸಿದೆ. ಅಂಗಿಯೆಲ್ಲ ಬೆವರು. “ಏನಿಲ್ಲ, ಏನಿಲ್ಲ,” ಎನ್ನುತ್ತಲೇ ಇದ್ದರು. ದರ್ಜಿಗೆ ಫೋನು ಮಾಡಿದೆ. ಗಾಡಿ ತರುತ್ತೇನೆ ಎಂದ. ಆಸ್ಪತ್ರೆಗೆ ಮಾಡಿದರೆ, ಹೋದ ಸಲದ ಕಾಗದಗಳನ್ನೆಲ್ಲ ಮರೆಯದೆ ತನ್ನಿ ಎಂದರು. ಬೀರುವಿನ ಹತ್ತಿರ ಓಡಿ ಕೆಂಪು ದಾರದ ಕೀ ಹಾಕಿದೆ.

ತಿರುಗಲಿಲ್ಲ.

“ಅದಲ್ಲ,” ಅಪ್ಪ ಕುರ್ಚಿಯಿಂದಲೇ ಅಂದರು. “ದಾರ ಬಿಚ್ಚಿ ಬೇರೇದಕ್ಕೆ ಕಟ್ಟಿದೀನಿ.”

“ಯಾಕಪ್ಪಾ?”

“ಯಾರಾದ್ರೂ ಕಂಡ್ರೆ? ಕಳ್ಳನಿಗೆ ನೀನೇ ಕೈಹಿಡಿದು ದಾರಿ ತೋರಿಸಿದ ಹಾಗಲ್ವಾ?” ಆ ಬೆವರಿನಲ್ಲೂ ಸಣ್ಣ ನಗು.

“ಯಾವುದು ಹೇಳಿ, ಬೇಗ.”

“ಅದು... ಹಲ್ಲು ಒಂಚೂರು ಸವೆದಿರುತ್ತೆ. ಬಾಯಲ್ಲಿ ಹೇಳೋಕೆ ಬರಲ್ಲ, ಇಲ್ಲಿ ಕೊಡು.”

ಕೊಟ್ಟೆ. ಕತ್ತಲಲ್ಲೂ ತಪ್ಪದ ಬೆರಳುಗಳು ಗೊಂಚಲನ್ನು ಒಂದು ಸುತ್ತು ಬಂದವು, ಮತ್ತೆ ಮೊದಲಿನಿಂದ ಶುರು ಮಾಡಿದವು. ನಗು ಮುಖದಿಂದ ಜಾರಿತು. ಆಮೇಲೆ ಗೊಂಚಲೂ ಜಾರಿ ನೆಲಕ್ಕೆ ಬಿತ್ತು.

“ಯಾಕೋ ಸಿಗ್ತಿಲ್ಲ ಪುಟ್ಟೀ.”

ಹೊರಗೆ ಗಾಡಿ ನಿಂತ ಸದ್ದು. ನಾನು ಮಾತ್ರೆ ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡೆ. ಮತ್ತೆ ಬಿಳೀದು, ಮತ್ತೆ ಗುಲಾಬಿ. ಅಪ್ಪ ನನ್ನ ಹೆಗಲು ಹಿಡಿದು ಏಳುತ್ತಾ ಮೆಲ್ಲಗೆ ಅಂದರು: “ಬೀರು ತೆಗೆಸೋಕೆ ಅಂತ ಬೇರೆ ಅಂಗಡಿಯವನನ್ನ ಮಾತ್ರ ಕರೀಬೇಡ. ಮಾನ ಹೋಗುತ್ತೆ.”

ಎಂದಿನಂತೆ ಮಾತು ನುಂಗಿಕೊಳ್ಳಲು ನೋಡಿದೆ, ಆಗಲಿಲ್ಲ.

“ಅಪ್ಪಾ,” ಎಂದೆ. ಒಳಗೆ ಕಾಲಿಡುತ್ತಿದ್ದ ದರ್ಜಿ ಬಾಗಿಲಲ್ಲೇ ನಿಂತುಬಿಟ್ಟ, ನನ್ನ ದನಿ ಅಷ್ಟು ಜೋರಾಗಿತ್ತು. “ಈ ಮನೆಗೆ ಕಳ್ಳ ಯಾವತ್ತೂ ಬಂದಿಲ್ಲ. ಇಷ್ಟು ವರ್ಷ ನೀವು ಬೀಗ ಹಾಕಿರೋದು ನನಗೆ.”