ಆರ್ಲೋ ಒಗೆದ ಟೋಪಿ

ಮಳೆ ಬಂದು ಆಟ ನಿಂತರೂ ಆರ್ಲೋ ಡೀಟ್ರಿಕ್ ಕ್ಷಮೆ ಕೇಳುತ್ತಿದ್ದ. ಮೂರು ಸಲ ಬೀಸಿ ಮೂರು ಸಲವೂ ಚೆಂಡು ತಪ್ಪಿದವನು ಸಿಟ್ಟಿನಿಂದ ಬ್ಯಾಟು ಎಸೆದು ಒಳಗೆ ಬಂದರೆ, "ನಂದೇ ತಪ್ಪು ಕಣಪ್ಪ, ಕಾಲುಚೀಲ ಸರಿಯಾಗಿ ಒಣಗಿರ್ಲಿಲ್ಲ" ಎನ್ನುವನು ಆರ್ಲೋ. ಅಯೋವಾದ ನದಿದಂಡೆಯ ಆ ಊರಿನ ಬೇಸ್‌ಬಾಲ್ ತಂಡದ ಬಟ್ಟೆಗಳನ್ನು ಇಪ್ಪತ್ತೆಂಟು ವರ್ಷ ಒಗೆದವನು ಅವನು. ಯಾರ ದಾರಿಗೋ ಅಡ್ಡ ಬಂದೇನೆಂಬಂತೆ ಗೋಡೆಗೆ ಭುಜ ತಾಗಿಸಿಕೊಂಡೇ ನಡೆಯುತ್ತಿದ್ದ. ಜುಲೈ ಸೆಕೆಯಲ್ಲೂ ಕಳಚದ ಬೂದು ಕೋಟಿನ ಜೇಬುಗಳಲ್ಲಿ ಸೂಜಿ, ದಾರ, ಗುಂಡಿಗಳ ಜೊತೆ ಅಂಕಿಗಳು ಅರ್ಧ ಅಳಿಸಿಹೋದ ಒಂದು ಅಳತೆಪಟ್ಟಿ ಇರುತ್ತಿತ್ತು.

ಏಪ್ರಿಲ್‌ನಲ್ಲಿ ತಂಡ ಕೂಡಿದ ದಿನ ಟೋಪಿಯ ಅಳತೆಗಾಗಿ ಆ ಪಟ್ಟಿ ಪ್ರತಿಯೊಬ್ಬನ ತಲೆಯನ್ನೂ ಸುತ್ತಿ ಬರುತ್ತಿತ್ತು.

"ಇವನ ತಲೇಲಿ ಏನಾದ್ರೂ ಇದ್ಯಾ ನೋಡು, ಆರ್ಲೋ" ಎಂದು ಆಟಗಾರರು ಛೇಡಿಸುವರು.

"ನನ್ನ ಪಟ್ಟಿ ಹೊರಗಿನ್ದಷ್ಟೇ ಹೇಳತ್ತೆ."

ಆ ವರ್ಷ ವೇಡ್ ಹ್ಯಾನ್ಲಿಯ ತಲೆ ಇಪ್ಪತ್ತೆರಡೂಮುಕ್ಕಾಲು ಇಂಚು. ಮೂವತ್ತೊಂದು ವರ್ಷದ ವೇಡ್ ಹನ್ನೊಂದು ಬೇಸಿಗೆಗಳನ್ನು ಇಂಥ ಸಣ್ಣ ಊರುಗಳಲ್ಲೇ ಕಳೆದವನು. ಮೇಲಿನ ಲೀಗಿನ ಬಾಗಿಲು ಅವನಿಗೆ ಒಮ್ಮೆಯೂ ತೆರೆದಿರಲಿಲ್ಲ. ಅವನ ಜಾಗಕ್ಕೇ ಆಸೆಪಡುತ್ತಿದ್ದ ಟಿಲ್ಮನ್ ಇಪ್ಪತ್ಮೂರರವನು, ಚುರುಕು, ಆದರೆ ಮೈಕಟ್ಟು ಸಾಧಾರಣ. ಇಬ್ಬರಲ್ಲಿ ಒಬ್ಬನಿಗಷ್ಟೇ ಮೇಲಿನಿಂದ ಕರೆ ಬರುವುದೆಂದು ಎಲ್ಲರಿಗೂ ಗೊತ್ತಿತ್ತು.

ಜೂನ್‌ನಲ್ಲಿ ವೇಡ್‌ನ ಟೋಪಿ ಬಿಗಿಯಾಯಿತು. ಹಣೆಯ ಮೇಲೆ ಕೆಂಪು ಗೆರೆ.

"ನಂದೇ ತಪ್ಪು. ನೀರು ಬಿಸಿ ಹೆಚ್ಚಾಯ್ತು" ಎಂದ ಆರ್ಲೋ.

"ಟೋಪಿನ ಬೇಯ್ಸಿಬಿಟ್ಯಲ್ಲ, ಯಜಮಾನ" ಎಂದು ವೇಡ್ ನಕ್ಕ.

ಅಂದಿನಿಂದ ಆರ್ಲೋ ಟೋಪಿಗಳನ್ನು ತಣ್ಣೀರಿನಲ್ಲಿ, ಕೈಯಲ್ಲಿ ಒಗೆದ. ಒದ್ದೆ ಟೋಪಿಯನ್ನು ಮನೆಯಿಂದ ತಂದ ಬೋಗುಣಿಗೆ ಕವಿಚಿ ಒಣಗಿಸಿದ. ವೇಡ್‌ಗೆ ಒಂದು ಸುತ್ತು ದೊಡ್ಡ ಟೋಪಿ ತರಿಸಿಕೊಟ್ಟ. ವೇಡ್ ಹೊಡೆದ ಚೆಂಡುಗಳು ಬೇಲಿ ದಾಟಿ ವಾಹನ ನಿಲ್ಲಿಸುವ ಬಯಲಿಗೆ ಬೀಳತೊಡಗಿದವು. ಜನ ಎದ್ದು ನಿಂತು ಕೂಗುತ್ತಿದ್ದರು. ಆರ್ಲೋ ಒಳಗೆ ಬಕೀಟಿನ ಮುಂದೆ ಕುಳಿತು, ತನ್ನ ಕೈಯ ಕಸುಬೇ ಕೆಟ್ಟಿತೇ ಎಂದು ಹೆದರುತ್ತಿದ್ದ. ಜುಲೈ ಮುಗಿಯುವಾಗ ಆ ಟೋಪಿಯೂ ಹಣೆಗೆ ಗೆರೆ ಎಳೆಯಿತು.

ಆರ್ಲೋನ ಹೆಂಡತಿ ಲೊಯಿಸ್ ವೇಡ್‌ನ ಅಂಗಿ ಬಿರಿದ ಕಡೆ ಹೊಲಿಗೆ ಹಾಕುತ್ತಿದ್ದಳು. "ನೀರಿಗೆ ಟೋಪಿ ಕುಗ್ಗತ್ತೆ ಅನ್ನು. ಅಂಗಿ ಭುಜದಲ್ಲಿ ಯಾಕೆ ಹರಿಯತ್ತೆ?"

"ಹಳೇ ದಾರ ಇರ್ಬೇಕು."

"ಹೋದ ತಿಂಗಳು ನಾನೇ ಹಾಕಿದ್ದು."

ಮರುದಿನ ಆರ್ಲೋ ವೇಡ್ ಮತ್ತು ಟಿಲ್ಮನ್‌ರ ಟೋಪಿಗಳನ್ನು ಒಂದೇ ಬಕೀಟಿನಲ್ಲಿ ನೆನೆಸಿ, ಒಂದೇ ತಂತಿಗೆ ಒಣಹಾಕಿದ. ಟಿಲ್ಮನ್‌ನ ಟೋಪಿ ಏಪ್ರಿಲ್‌ನಲ್ಲಿ ಕೂತ ಹಾಗೆಯೇ ಕೂತಿತು. ವೇಡ್‌ನದು ಮಾತ್ರ ಬಿಗಿಯಾಗಿಯೇ ಇತ್ತು. ಆ ವರ್ಷಗಳಲ್ಲಿ ಎಲ್ಲ ತಂಡಗಳಲ್ಲೂ ಆಟಗಾರರು ಕದ್ದು ಚುಚ್ಚಿಕೊಳ್ಳುವ ಒಂದು ಸೂಜಿಮದ್ದಿನ ಪಿಸುಮಾತಿತ್ತು: ಸ್ನಾಯುವಿನ ಜೊತೆ ಎಲುಬನ್ನೂ, ಕೊನೆಗೆ ತಲೆಬುರುಡೆಯನ್ನೂ ಬೆಳೆಸುವ ಮದ್ದು. ಆರ್ಲೋ ಅದನ್ನು ಕೇಳಿದ್ದ, ನಂಬಿರಲಿಲ್ಲ. ಈಗ ನಂಬದೆ ವಿಧಿಯಿರಲಿಲ್ಲ. ಒಳಗೆ ಕಂಡದ್ದನ್ನು ಹೊರಗೆ ಆಡಬಾರದು ಎಂಬುದು ಅವನ ಕೆಲಸದ ಮೊದಲ ನೇಮ. ಇಪ್ಪತ್ತೆಂಟು ವರ್ಷ ಅದನ್ನು ಮುರಿದವನಲ್ಲ.

ಆಗಸ್ಟಿನ ಒಂದು ಮಧ್ಯಾಹ್ನ ವೇಡ್‌ಗೆ ಕರೆ ಬಂತು. ಮೇಲಿನ ತಂಡದ ಬಟ್ಟೆ ನೋಡಿಕೊಳ್ಳುವವನಿಗೆ ಹೋಗುವವನ ಅಳತೆಯನ್ನು ಆರ್ಲೋನೇ ಫೋನಿನಲ್ಲಿ ಹೇಳುವುದು ವಾಡಿಕೆ. ಆಗಷ್ಟೇ ಆರ್ಲೋ ವೇಡ್‌ನ ಮೈಗೂ ತಲೆಗೂ ಪಟ್ಟಿ ಸುತ್ತಿ ನೋಡಿದ್ದ. ವೇಡ್ ಚೀಲ ಕಟ್ಟಿ ಬಾಗಿಲಲ್ಲೇ ನಿಂತಿದ್ದ.

"ಅಂಗಿ ಆಯ್ತು. ಟೋಪಿ?" ಎಂದಿತು ಆಚೆಯ ದನಿ.

"ಏಪ್ರಿಲ್‌ನಲ್ಲಿ ಇಪ್ಪತ್ತೆರಡೂಮುಕ್ಕಾಲು." ಎಂದ ಆರ್ಲೋ. "ಈಗ ಇಪ್ಪತ್ಮೂರೂವರೆ."

ಆಚೆಯವನೂ ಬಟ್ಟೆ ಒಗೆಯುವವನೇ. "ನಿನ್ನ ನೀರು ಬಿಸಿ ಇತ್ತೇನೋ, ಆರ್ಲೋ? ಟೋಪಿ ಕುಗ್ಗಿರತ್ತೆ. ಹಂಗೇ ಬರ್ಕೊಳ್ಳಲಾ?"

ವೇಡ್ ಆರ್ಲೋನ ಮುಖವನ್ನೇ ನೋಡುತ್ತಿದ್ದ.

"ಇಲ್ಲ. ನೀರು ತಣ್ಣಗಿತ್ತು. ನಾನು ಟೋಪಿ ಅಳೀಲಿಲ್ಲ, ತಲೆ ಅಳೆದೆ."

"ಸರಿ. ದೊಡ್ಡದೇ ಇಡ್ತೀನಿ" ಎಂದು ಆಚೆಯವನು ಫೋನಿಟ್ಟ.

"ನಂದೇ ತಪ್ಪು ಅಂದಿದ್ರೆ ಮುಗೀತಿತ್ತಲ್ಲ, ಯಜಮಾನ. ಮಳೆ ಬಂದ್ರೂ ಹಂಗೇ ಅಂತೀಯ" ಎಂದ ವೇಡ್. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ಮುಗೀತಿತ್ತು" ಎಂದ ಆರ್ಲೋ.

ವೇಡ್ ಹೋದ. ಮೇಲೆ ಹೊಸ ಟೋಪಿ ಕಾದಿತ್ತು. ಯಾರೂ ಏನೂ ಕೇಳಲಿಲ್ಲ. ಟಿಲ್ಮನ್ ಇಲ್ಲೇ ಉಳಿದ. ಸೆಪ್ಟೆಂಬರಿನಲ್ಲಿ ಮಳೆ ಬಂದು ಆಟ ನಿಂತಾಗ ಎಲ್ಲರೂ ಅಭ್ಯಾಸಬಲದಿಂದ ಆರ್ಲೋನತ್ತ ತಿರುಗಿದರು. ಅವನು ಒದ್ದೆ ಅಂಗಿಗಳನ್ನು ಹೆಕ್ಕಿಕೊಂಡು ಗೋಡೆಯಂಚಿನಲ್ಲಿ ಕ್ಷಮೆ ಕೇಳದೆ ಹೋದ.

ಇಂಥವರು ಪ್ರತಿ ಆಟದ ಹಿಂದೆಯೂ ಇರುತ್ತಾರೆ. ದಾಖಲೆಗಳು ಪತ್ರಿಕೆಗೆ ಹೋಗುವ ಮೊದಲೇ ಆಟಗಾರನ ಮೈ ಅವರ ಕೈಗೆ ಬಟ್ಟೆಯಾಗಿ ಬಂದಿರುತ್ತದೆ. ಆದರೆ ಅವರಿಂದ ಅಳತೆ ಕೇಳುತ್ತಾರೆಯೇ ಹೊರತು ಸಾಕ್ಷಿ ಕೇಳುವುದಿಲ್ಲ. ಎಲ್ಲರ ತಪ್ಪನ್ನೂ ತಮ್ಮ ಮೇಲೆ ಹಾಕಿಕೊಳ್ಳುವುದು ಅವರ ಸ್ವಭಾವವೆಂದುಕೊಂಡು ಉಳಿದವರು ನಿರಾಳವಾಗಿರುತ್ತಾರೆ. ಒಂದು ದಿನ ಅವರು ಅದನ್ನು ನಿಲ್ಲಿಸಿಬಿಟ್ಟಾಗ ಮಾತ್ರ, ಇಷ್ಟು ವರ್ಷ ಆ ಸೌಜನ್ಯದ ಮರೆಯಲ್ಲಿ ಏನೇನನ್ನು ಮುಚ್ಚಿಟ್ಟಿದ್ದೆವೋ ಎಂದು ಉಳಿದವರು ಎಣಿಸತೊಡಗುತ್ತಾರೆ.